ಟ್ಯಾಕ್ಸಿಯವರು ಕಟ್ಟುವ ಶುಲ್ಕಕ್ಕೆ ಲೆಕ್ಕ ಕೊಡುವವರು ಯಾರು?

ಚಿಕ್ಕಮಗಳೂರಿನ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಬೆಳಕು ಹರಿಯುವ ಮುಂಚೆಯೇ ಗಾಡಿ ತೊಳೆಯುವ ಕೆಲಸ ಶುರುವಾಗಿರುತ್ತದೆ. ಮುಳ್ಳಯ್ಯನಗಿರಿಗೆ ಬೆಳಗಿನ ಸ್ಲಾಟ್ ಸಿಕ್ಕಿದವರು ಹೊತ್ತಿಗೆ ಸರಿಯಾಗಿ ಕೈಮರ ಚೆಕ್‌ಪೋಸ್ಟ್ ಮುಟ್ಟಬೇಕು. ಹೋದ ವಾರ ಅಲ್ಲಿ ಪರಿಚಯದ ಚಾಲಕರೊಬ್ಬರು ಡ್ಯಾಶ್‌ಬೋರ್ಡಿನಿಂದ ರೆಕ್ಸಿನ್ ಪೌಚು ತೆಗೆದು ಅದರಲ್ಲಿದ್ದ ಕಾಗದಗಳನ್ನೆಲ್ಲ ಬಾನೆಟ್ಟಿನ ಮೇಲೆ ಹರವಿದರು. ಆರ್‌ಸಿ, ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಎಂಬ ಪ್ರಮಾಣಪತ್ರ), ಪರ್ಮಿಟ್, ಟ್ಯಾಕ್ಸ್ ಕಟ್ಟಿದ ದಾಖಲೆ, ಇನ್ಶೂರೆನ್ಸ್, ಎಮಿಷನ್, ಜಿಪಿಎಸ್ ಹಾಕಿಸಿದ ಸರ್ಟಿಫಿಕೇಟು, ಆನ್‌ಲೈನಿನಲ್ಲಿ ದುಡ್ಡು ಕಟ್ಟಿದ ರಸೀದಿಗಳ ಪ್ರಿಂಟು. ಎಫ್‌ಸಿ ನವೀಕರಣದ ದಿನ ಹತ್ತಿರ ಬಂದಿತ್ತು. ‘ಅಣ್ಣಾ, ಇದರಲ್ಲಿ ಟ್ಯಾಕ್ಸ್ ಯಾವುದು, ಫೀಸು ಯಾವುದು? ಎರಡೂ ಸರ್ಕಾರಕ್ಕೇ ಹೋಗೋದಾದ್ರೆ ಎರಡು ಹೆಸರು ಯಾಕೆ ಇಟ್ಟಿದಾರೆ?’ ಎಂದು ಕೇಳಿದರು.

ಆ ಹೊತ್ತಿಗೆ ನಾನು ಕೊಟ್ಟ ಉತ್ತರ ಅರ್ಧಂಬರ್ಧವಾಗಿತ್ತು. ಪ್ರಶ್ನೆ ಮಾತ್ರ ತಲೆಯಲ್ಲಿ ಉಳಿಯಿತು. ಟ್ಯಾಕ್ಸಿ ಶುಲ್ಕದ ಬಗ್ಗೆ ನಮ್ಮಲ್ಲಿ ನಡೆಯುವ ಮಾತೆಲ್ಲ ‘ಜಾಸ್ತಿಯಾಯಿತು’, ‘ಕಡಿಮೆ ಮಾಡಿ’ ಎಂಬಲ್ಲಿಗೇ ನಿಲ್ಲುತ್ತದೆ. ಇಷ್ಟೇ ಮೊತ್ತ ಏಕೆ, ಇದರಲ್ಲಿ ಎಷ್ಟು ಪಾಲು ನಮ್ಮ ಕೆಲಸಕ್ಕೆ ಖರ್ಚಾಯಿತು ಎಂದು ಕೇಳುವವರು ಬಹಳ ಕಡಿಮೆ. ಕೇಳುವ ಹಕ್ಕು ‘ಶುಲ್ಕ’ ಎಂಬ ಪದದೊಳಗೇ ಇದೆ.

ಕಾಫಿ ನಾಡಿನವರಿಗೆ ಇದನ್ನು ವಿವರಿಸುವುದು ಸುಲಭ. ಬೆಳೆಗಾರ ಕ್ಯೂರಿಂಗ್ ವರ್ಕ್ಸಿಗೆ ಮೂಟೆ ಹಾಕುತ್ತಾನೆ, ಕ್ಯೂರಿಂಗ್ ಚಾರ್ಜ್ ಕೊಡುತ್ತಾನೆ. ಅವರು ಸಿಪ್ಪೆ ತೆಗೆದು, ಗ್ರೇಡ್ ಮಾಡಿ, ಯಾವ ಗ್ರೇಡು ಎಷ್ಟು ಕೆಜಿ ಬಂತೆಂದು ಔಟ್‌ಟರ್ನ್ ಲೆಕ್ಕ ಕೊಡುತ್ತಾರೆ. ಆ ಲೆಕ್ಕದ ಚೀಟಿ ಕೈಗೆ ಬಾರದೆ ಯಾವ ಬೆಳೆಗಾರನೂ ಸುಮ್ಮನಿರುವುದಿಲ್ಲ. ಶುಲ್ಕವೆಂದರೆ ಇದು: ಇಂಥ ಕೆಲಸ ಮಾಡಿಕೊಟ್ಟಿದ್ದಕ್ಕೆ ಇಷ್ಟು. ತೆರಿಗೆ ಬೇರೆ. ಅದನ್ನು ಕಟ್ಟಿದವನಿಗೇ ವಾಪಸ್ ಏನಾದರೂ ಸಿಗಬೇಕೆಂಬ ಕರಾರಿಲ್ಲ. ಅದು ಶಾಲೆಗೂ ಹೋಗಬಹುದು, ಆಸ್ಪತ್ರೆಗೂ ಹೋಗಬಹುದು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲ ಎಂಬ ಗಾದೆ ತೆರಿಗೆಗೆ ಸರಿ. ಶುಲ್ಕಕ್ಕೆ ಅದು ಸಲ್ಲದು.

ಬೆಲೆ ಕಟ್ಟುವವರು ಯಾರು

ಆ ಪೌಚಿನ ಕಾಗದಗಳಿಗೆ ಮೂರು ಕಡೆ ಒಡೆತನವಿದೆ. ಡ್ರೈವಿಂಗ್ ಲೈಸೆನ್ಸ್, ನೋಂದಣಿ, ಎಫ್‌ಸಿ ಶುಲ್ಕ ದೆಹಲಿಯಲ್ಲಿ ತೀರ್ಮಾನವಾಗುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 32ನೇ ನಿಯಮದಲ್ಲಿ ಲೈಸೆನ್ಸಿನ ಪಟ್ಟಿಯಿದೆ, 81ನೇ ನಿಯಮದಲ್ಲಿ ನೋಂದಣಿ ಮತ್ತು ಎಫ್‌ಸಿ ಪಟ್ಟಿಯಿದೆ. 2016ರ ಡಿಸೆಂಬರ್ ಕೊನೆಯಲ್ಲಿ ಇವೆರಡನ್ನೂ ಒಟ್ಟಿಗೆ ಪರಿಷ್ಕರಿಸಿದರು. ಕಲಿಯುವವರ ಲೈಸೆನ್ಸಿಗೆ (ಎಲ್‌ಎಲ್) 150 ರೂಪಾಯಿ, ಡಿಎಲ್‌ಗೆ 200, ಡ್ರೈವಿಂಗ್ ಟೆಸ್ಟಿಗೆ 300 ಎಂದು ಆಗ ನಿಗದಿಯಾಯಿತು. ಪರ್ಮಿಟ್ ಶುಲ್ಕ ಮತ್ತು ಬಾಡಿಗೆ ದರ ಬೆಂಗಳೂರಿನದು. ತೆರಿಗೆಯೂ ಬೆಂಗಳೂರಿನದೇ, 1957ರ ಕರ್ನಾಟಕ ಮೋಟಾರು ವಾಹನ ತೆರಿಗೆ ಕಾಯ್ದೆಯ ಪ್ರಕಾರ. ಹತ್ತು ಲಕ್ಷದೊಳಗಿನ ಹಳದಿ ಬೋರ್ಡಿನ ಕಾರಿಗೆ 2025ರಿಂದ ನೋಂದಣಿಯ ಹೊತ್ತಿಗೇ ಬೆಲೆಯ ಶೇ 5ರಷ್ಟು ಜೀವಾವಧಿ ತೆರಿಗೆ ಬಂದಿದೆ.

ಮೂರನೆಯದು ಜಿಲ್ಲೆ. ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು, ಆರ್‌ಟಿಒ ಕಾರ್ಯದರ್ಶಿ. ಪರ್ಮಿಟ್ಟಿನ ಅರ್ಜಿ ಬರುವುದು ಇಲ್ಲಿಗೆ, ಜನರ ಮುಖ ಕಾಣುವುದೂ ಇಲ್ಲಿಯೇ. ಆದರೆ ಶುಲ್ಕದ ಒಂದು ರೂಪಾಯಿಯನ್ನು ಕೂಡ ಏರಿಸುವ, ಇಳಿಸುವ ಅಧಿಕಾರ ಈ ಪ್ರಾಧಿಕಾರಕ್ಕಿಲ್ಲ. ಕೆಎ-18ರ, ಅಂದರೆ ಚಿಕ್ಕಮಗಳೂರು ನೋಂದಣಿಯ, ಚಾಲಕ ಯಾವ ಕಚೇರಿಯ ಮುಂದೆ ಸಾಲಿನಲ್ಲಿ ನಿಲ್ಲುತ್ತಾನೋ ಆ ಕಚೇರಿಗೆ ಅವನ ದೂರನ್ನು ಪರಿಹರಿಸುವ ಶಕ್ತಿ ಇಲ್ಲ. ಕೌಂಟರಿನ ಗುಮಾಸ್ತರ ಮೇಲೆ ರೇಗಿ ಬರುವವರನ್ನು ನೋಡಿದಾಗಲೆಲ್ಲ ಇದು ನೆನಪಾಗುತ್ತದೆ.

ಹೊರರಾಜ್ಯಕ್ಕೂ ಗಾಡಿ ಓಡಿಸುವವರಿಗೆ ಅಖಿಲ ಭಾರತ ಪ್ರವಾಸಿ ಪರ್ಮಿಟ್ ಇದೆ. 2021ರಲ್ಲಿ ಇದಕ್ಕೆ ಹೊಸ ನಿಯಮ ಬಂತು, 2023ರಲ್ಲಿ ಮತ್ತೆ ತಿದ್ದಿ ಬರೆದರು. ಆನ್‌ಲೈನಿನಲ್ಲಿ ಒಂದೇ ಕಡೆ ಶುಲ್ಕ ಕಟ್ಟುವುದು, ಅದನ್ನು ರಾಜ್ಯಗಳಿಗೆ ಸೂತ್ರದ ಪ್ರಕಾರ ಹಂಚುವುದು ಇದರ ಕ್ರಮ. ಲಾರಿಗಳ ನ್ಯಾಷನಲ್ ಪರ್ಮಿಟ್ಟಿಗೆ 2010ರಲ್ಲಿ ವರ್ಷಕ್ಕೆ 15,000 ರೂಪಾಯಿಯಂತೆ ಶುರುವಾಗಿ, ಆಮೇಲೆ 16,500 ಆಗಿ ನಡೆದುಬಂದ ಪದ್ಧತಿಯನ್ನೇ ಪ್ರವಾಸಿ ವಾಹನಕ್ಕೂ ತಂದರು.

ಟ್ಯಾಕ್ಸಿ ಲೈಸೆನ್ಸಿನ ಸುದ್ದಿ ಬಂದಾಗ ಕೆಲವರು ನ್ಯೂಯಾರ್ಕಿನ ಉದಾಹರಣೆ ಎತ್ತುತ್ತಾರೆ. ಅಲ್ಲಿ ಟ್ಯಾಕ್ಸಿಗಳ ಸಂಖ್ಯೆಗೇ ಮಿತಿಯಿದೆ. ಆದ್ದರಿಂದ ಒಂದೊಂದು ಪರವಾನಗಿ ಬಿಲ್ಲೆ 2014ರ ಸುಮಾರಿಗೆ ಹತ್ತು ಲಕ್ಷ ಡಾಲರ್ ದಾಟಿತ್ತು. ನಮ್ಮಲ್ಲಿ ಆ ಕತೆ ಇಲ್ಲ. ಮೋಟಾರು ವಾಹನ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಬಾಡಿಗೆ ಗಾಡಿಗಳ ಸಂಖ್ಯೆಗೆ ಮಿತಿ ಹಾಕಲು ಅವಕಾಶ ಇರುವುದು 5 ಲಕ್ಷಕ್ಕೆ ಕಡಿಮೆಯಿಲ್ಲದ ಜನಸಂಖ್ಯೆಯ ನಗರಗಳಲ್ಲಿ. ಚಿಕ್ಕಮಗಳೂರು ಆ ಲೆಕ್ಕಕ್ಕೆ ಬರುವುದಿಲ್ಲ. ಇಲ್ಲಿ ಯಾರು ಬೇಕಾದರೂ ಹಳದಿ ಬೋರ್ಡ್ ಹಾಕಿಸಬಹುದು. ಹಾಗಾಗಿ ಇಲ್ಲಿನ ಶುಲ್ಕ ವಿರಳ ವಸ್ತುವಿನ ಬೆಲೆಯಲ್ಲ, ಸರ್ಕಾರ ಮಾಡಿಕೊಡುವ ಕೆಲಸದ ಬೆಲೆ ಮಾತ್ರ ಆಗಿರಬೇಕು.

ಉಡುಪಿಯ ಮಠ ಕಲಿಸಿದ ಪಾಠ

ಶುಲ್ಕ ಯಾವುದು, ತೆರಿಗೆ ಯಾವುದು ಎಂದು ನಮ್ಮ ದೇಶದಲ್ಲಿ ಮೊದಲು ಗಟ್ಟಿಯಾಗಿ ಗೆರೆ ಎಳೆದ ತೀರ್ಪು ನಮ್ಮ ನೆರೆಯ ಉಡುಪಿಯ ಮಠವೊಂದರದು ಎಂಬುದು ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಷ್ಟಮಠಗಳಲ್ಲಿ ಒಂದಾದ ಶಿರೂರು ಮಠದ ಪ್ರಕರಣ ಅದು. ಆಗ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸ್ ರಾಜ್ಯಕ್ಕೆ ಸೇರಿತ್ತು. 1951ರ ಮದ್ರಾಸ್ ಧಾರ್ಮಿಕ ದತ್ತಿ ಕಾಯ್ದೆ ಮಠ, ದೇವಸ್ಥಾನಗಳ ಆದಾಯದಲ್ಲಿ ಶೇ 5ರವರೆಗೆ ‘ವಂತಿಗೆ’ ಕೇಳಿತು. ಸರ್ಕಾರ ಅದನ್ನು ತನ್ನ ಮೇಲ್ವಿಚಾರಣೆಗೆ ಪಡೆಯುವ ಶುಲ್ಕ ಎಂದಿತು. ಮಠದವರು ಒಪ್ಪಲಿಲ್ಲ. 1954ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆರಿಗೆ ಎಂದು ತೀರ್ಮಾನಿಸಿ, ಅದನ್ನು ಹಾಕುವ ಅಧಿಕಾರ ರಾಜ್ಯದ ಶಾಸನಸಭೆಗಿಲ್ಲ ಎಂದಿತು. ಕೊಟ್ಟ ಕಾರಣಗಳು ಇಂದಿಗೂ ಟ್ಯಾಕ್ಸಿಯವರಿಗೆ ಕೆಲಸಕ್ಕೆ ಬರುವಂಥವು. ವಸೂಲಾದ ಹಣಕ್ಕೂ ಆ ಕೆಲಸಕ್ಕೆ ಸರ್ಕಾರ ಮಾಡಿದ ಖರ್ಚಿಗೂ ಸಂಬಂಧ ತೋರಿಸಿರಲಿಲ್ಲ. ಹಣ ಪ್ರತ್ಯೇಕವಾಗಿ ಉಳಿಯದೆ ಸರ್ಕಾರದ ಸಾಮಾನ್ಯ ಬೊಕ್ಕಸದಲ್ಲಿ ಬೆರೆತುಹೋಗಿತ್ತು.

ಆ ಗೆರೆ ಮುಂದೆ ಸ್ವಲ್ಪ ಮಸುಕಾಯಿತು, ಅದನ್ನೂ ಹೇಳಬೇಕು. ಕಲ್ಕತ್ತಾ ಪಾಲಿಕೆ ಚಿತ್ರಮಂದಿರವೊಂದರ ಲೈಸೆನ್ಸ್ ಶುಲ್ಕವನ್ನು ವರ್ಷಕ್ಕೆ 400 ರೂಪಾಯಿಯಿಂದ 6,000ಕ್ಕೆ ಏರಿಸಿದ್ದು 1965ರಲ್ಲಿ ಸುಪ್ರೀಂ ಕೋರ್ಟಿಗೆ ಬಂತು. ‘ಲೈಸೆನ್ಸ್ ಫೀ’ ಎಂದ ಮಾತ್ರಕ್ಕೆ ಅದು ಸೇವೆಯ ಬೆಲೆಯೇ ಆಗಬೇಕಿಲ್ಲ, ಇದು ತೆರಿಗೆ, ಹಾಕುವ ಅಧಿಕಾರವೂ ಪಾಲಿಕೆಗಿದೆ ಎಂದು ನ್ಯಾಯಾಲಯ ಹೇಳಿತು. 1983ರಲ್ಲಿ ಆಂಧ್ರದ ಮಾರುಕಟ್ಟೆ ಶುಲ್ಕದ ಪ್ರಕರಣದಲ್ಲಿ, ಕೊಟ್ಟದ್ದಕ್ಕೂ ಪಡೆದದ್ದಕ್ಕೂ ತಕ್ಕಡಿಯಲ್ಲಿಟ್ಟಂತೆ ಸಮ ತೂಗಬೇಕಿಲ್ಲ, ಸ್ಥೂಲ ಸಂಬಂಧ ಇದ್ದರೆ ಸಾಕು ಎಂದಿತು. ಸಂವಿಧಾನದ 110ನೇ ವಿಧಿಯಲ್ಲೂ ‘ಲೈಸೆನ್ಸಿನ ಶುಲ್ಕ’ ಬೇರೆ, ‘ಸಲ್ಲಿಸಿದ ಸೇವೆಯ ಶುಲ್ಕ’ ಬೇರೆ ಎಂದು ಎರಡು ಮಾತಿದೆ. ಅಂದರೆ ಲೈಸೆನ್ಸು ಕೊಡುವ, ನಿಗಾ ಇಡುವ ಕೆಲಸಕ್ಕೂ ಸರ್ಕಾರ ಶುಲ್ಕ ಪಡೆಯಬಹುದು.

ಇಷ್ಟೆಲ್ಲ ಸಡಿಲವಾದ ಮೇಲೂ ಸ್ಥೂಲ ಸಂಬಂಧವಾದರೂ ಇರಬೇಕೆಂಬ ಎಳೆ ಹರಿದಿಲ್ಲ. ಸ್ಥೂಲ ಸಂಬಂಧವನ್ನು ತೋರಿಸಬೇಕಾದರೂ ಒಂದು ಲೆಕ್ಕ ಬೇಕೇ ಬೇಕು. ಮೋಟಾರು ವಾಹನ ಕಾಯ್ದೆಯ 211ನೇ ಸೆಕ್ಷನ್ ಅರ್ಜಿ, ಪರೀಕ್ಷೆ, ಪ್ರಮಾಣಪತ್ರ, ಲೈಸೆನ್ಸು, ಪರ್ಮಿಟ್ಟು, ಬ್ಯಾಡ್ಜುಗಳನ್ನು ಹೆಸರಿಸಿ, ಕೊನೆಗೆ ‘ಅಧಿಕಾರಿಗಳು ಸಲ್ಲಿಸುವ ಸೇವೆ’ಯ ಮಾತಾಡಿ ಶುಲ್ಕದ ಅಧಿಕಾರ ಕೊಡುತ್ತದೆ. ಎಷ್ಟು ಎಂಬುದಕ್ಕೆ ಅಲ್ಲಿರುವ ಅಳತೆ ‘ಅಗತ್ಯವೆಂದು ಕಂಡಷ್ಟು’ ಎಂಬ ಅರ್ಥದ ಮಾತು ಮಾತ್ರ. ಖರ್ಚಿನ ತಖ್ತೆ ಪ್ರಕಟಿಸಬೇಕೆಂದು ಅದು ಹೇಳುವುದಿಲ್ಲ. ನನ್ನ ಮಟ್ಟಿಗೆ ಇಡೀ ತೊಡಕಿನ ಬೇರು ಇರುವುದು ಇಲ್ಲಿ.

ಎಫ್‌ಸಿ ಎಂಬ ಉದಾಹರಣೆ

2016ರ ಪಟ್ಟಿಯಲ್ಲಿ ಲೆಕ್ಕದ ಒಂದು ಸುಳಿವಾದರೂ ಇತ್ತು. ಲಘು ವಾಹನವನ್ನು ಬ್ರೇಕ್ ಇನ್‌ಸ್ಪೆಕ್ಟರು ಕೈಯಿಂದ ಪರೀಕ್ಷಿಸಿದರೆ 400 ರೂಪಾಯಿ, ಯಂತ್ರದಲ್ಲಿ ಪರೀಕ್ಷಿಸಿದರೆ 600, ಪ್ರಮಾಣಪತ್ರಕ್ಕೆ 200. ಯಂತ್ರಕ್ಕೆ ಬಂಡವಾಳ ಹೆಚ್ಚು, ಆದ್ದರಿಂದ ಶುಲ್ಕ ಹೆಚ್ಚು. ಒಪ್ಪುವಂಥ ತರ್ಕ.

2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ ಆ ತರ್ಕ ಬದಲಾಯಿತು. 15 ವರ್ಷ ದಾಟಿದ ಟ್ಯಾಕ್ಸಿಯ ಎಫ್‌ಸಿ ಶುಲ್ಕ ಒಮ್ಮೆಗೇ ಹಲವು ಪಟ್ಟು ಏರಿತು, ಬಸ್ಸು ಲಾರಿಗಳಿಗೆ 12,500 ಆಯಿತು. ಮತ್ತೆ 2025ರ ನವೆಂಬರಿನಲ್ಲಿ ವಾಹನದ ವಯಸ್ಸಿನ ಮೇಲೆ ಹಂತ ಹಂತವಾಗಿ ಏರುವ ದರ ಬಂತು. 20 ವರ್ಷ ದಾಟಿದ ಲಘು ವಾಹನಕ್ಕೆ 15,000 ರೂಪಾಯಿ, ಭಾರಿ ವಾಹನಕ್ಕೆ 25,000.

ಹದಿನಾಲ್ಕು ವರ್ಷದ ಗಾಡಿಯನ್ನೂ ಹದಿನಾರು ವರ್ಷದ ಗಾಡಿಯನ್ನೂ ನೋಡುವುದು ಅದೇ ಅಂಗಳದಲ್ಲಿ, ಅದೇ ಇನ್‌ಸ್ಪೆಕ್ಟರು. ಹಳೆಯ ಗಾಡಿಯ ಚಾಸಿಯ ತುಕ್ಕು, ಸ್ಟೀರಿಂಗಿನ ಆಟ, ಬ್ರೇಕು ನೋಡಲು ಒಂದಷ್ಟು ಹೊತ್ತು ಹೆಚ್ಚು ಹಿಡಿಯಬಹುದು, ಹಲವು ಪಟ್ಟು ಹಿಡಿಯುವುದಿಲ್ಲ. ಹಾಗಾದರೆ ಈ ಏರಿಕೆ ಪರೀಕ್ಷೆಯ ಖರ್ಚಿನಿಂದ ಹುಟ್ಟಿದ್ದಲ್ಲ. 2021ರ ಆಗಸ್ಟಿನಲ್ಲಿ ಪ್ರಕಟವಾದ ಗುಜರಿ ನೀತಿಯ ಭಾಗವಾಗಿ, ಹಳೆಯ ಗಾಡಿ ಇಟ್ಟುಕೊಳ್ಳುವುದು ದುಬಾರಿಯಾಗಲಿ ಎಂದು ಹಾಕಿದ್ದು. ಉದ್ದೇಶ ಕೆಟ್ಟದ್ದಲ್ಲ. ಹೊಗೆ ಕಾರುವ, ಬ್ರೇಕ್ ಹಿಡಿಯದ ಗಾಡಿ ಚಾರ್ಮಾಡಿ ಘಾಟಿಯಲ್ಲಿ ಇಳಿಯಬಾರದು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ನಿರುತ್ತೇಜನಕ್ಕೆ ಹಾಕುವ ಹಣದ ನಿಜವಾದ ಹೆಸರು ತೆರಿಗೆ. ತೆರಿಗೆಯಾದರೆ ಅದು ಶಾಸನಸಭೆಯ ಮುಂದೆ ಬಂದು, ಚರ್ಚೆಯಾಗಿ, ಮತ ಪಡೆದು ಬರಬೇಕು. ಶುಲ್ಕದ ಪಟ್ಟಿಯ ಮೂಲಕ ಬಂದರೆ ಒಂದು ಅಧಿಸೂಚನೆಯಲ್ಲಿ ಕೆಲಸ ಮುಗಿಯುತ್ತದೆ.

ಮಲೆನಾಡಿನಲ್ಲಿ ಇದರ ಪೆಟ್ಟು ಹೆಚ್ಚು. ಇಲ್ಲಿ ಹಳೆಯ ಜೀಪು ಬಡತನದಿಂದ ಮಾತ್ರ ಉಳಿದಿಲ್ಲ. ಕಳಸ, ಮೂಡಿಗೆರೆ, ಕೊಪ್ಪದ ಕಡೆ ಎಸ್ಟೇಟಿನ ಕಚ್ಚಾರಸ್ತೆ, ಗುಡ್ಡದ ಏರಿಗೆ ಹೊಸ ಸೆಡಾನು ಹತ್ತುವುದಿಲ್ಲ. ಮಳೆಗಾಲದಲ್ಲಿ ಕೆಸರಿನಿಂದ ಎಳೆದುಕೊಂಡು ಹೋಗುವುದು ಅದೇ ಫೋರ್‌ವೀಲ್ ಜೀಪು, ರೋಗಿಯನ್ನು ತಾಲ್ಲೂಕು ಆಸ್ಪತ್ರೆಗೆ ತರುವುದೂ ಅದೇ. ವರ್ಷಕ್ಕೆ ಆರು ತಿಂಗಳು ನಿಂತೇ ಇರುವ ಅಂಥ ಗಾಡಿಗೂ ಹೆದ್ದಾರಿಯಲ್ಲಿ ದಿನವೂ ಓಡುವ ಗಾಡಿಗೂ ವಯಸ್ಸೊಂದನ್ನೇ ನೋಡಿ ಬೆಲೆ ಕಟ್ಟಿದರೆ ಪರೀಕ್ಷೆಗೆ ಅರ್ಥವೇ ಉಳಿಯುವುದಿಲ್ಲ. ಎಂಟು ವರ್ಷ ದಾಟಿದ ಬಾಡಿಗೆ ಗಾಡಿ ಪ್ರತಿ ವರ್ಷ ಎಫ್‌ಸಿ ಮಾಡಿಸಲೇಬೇಕು. ಪರೀಕ್ಷೆ ಕಟ್ಟುನಿಟ್ಟಾಗಿದ್ದರೆ ಯೋಗ್ಯವಲ್ಲದ್ದು ಅಲ್ಲಿಯೇ ಬಿದ್ದುಹೋಗುತ್ತದೆ.

ಇನ್ನೊಂದು ಸಣ್ಣ ಸಾಲು ಇದೆ, ನನ್ನನ್ನು ಹೆಚ್ಚು ಕಾಡಿದ್ದು ಅದೇ. ಎಫ್‌ಸಿ ಅವಧಿ ಮುಗಿದ ಮೇಲೆ ತಡವಾದರೆ ದಿನಕ್ಕೆ 50 ರೂಪಾಯಿ ಹೆಚ್ಚುವರಿ ಶುಲ್ಕ. 2016ರಲ್ಲಿ ಇದು ಬಂದಾಗ ಚೆನ್ನೈನ ಆಟೋ ಚಾಲಕರ ಸಂಘದವರು ನ್ಯಾಯಾಲಯಕ್ಕೆ ಹೋದರು. 2017ರಲ್ಲಿ ಮದ್ರಾಸ್ ಹೈಕೋರ್ಟ್ ಹೆಚ್ಚುವರಿ ಶುಲ್ಕವನ್ನು ರದ್ದು ಮಾಡಿತು. 2021ರ ಅಧಿಸೂಚನೆಯಲ್ಲಿ ಅದೇ ದಿನಕ್ಕೆ 50 ರೂಪಾಯಿ ಮತ್ತೆ ಕಾಣಿಸಿಕೊಂಡಿತು. ಜೂನ್ ಜುಲೈನಲ್ಲಿ ಪ್ರವಾಸಿಗರಿಲ್ಲದೆ ಶೆಡ್ಡಿನಲ್ಲಿ ನಿಂತ ಜೀಪಿಗೆ ಎರಡು ತಿಂಗಳು ತಡವಾದರೆ 3,000 ರೂಪಾಯಿ. ಆ ಅರವತ್ತು ದಿನ ಗಾಡಿ ರಸ್ತೆಗಿಳಿದಿಲ್ಲ, ಇಲಾಖೆ ಅದಕ್ಕಾಗಿ ಯಾವ ಕೆಲಸವನ್ನೂ ಮಾಡಿಲ್ಲ. ಎಫ್‌ಸಿ ಇಲ್ಲದೆ ರಸ್ತೆಗಿಳಿಸಿದರೆ ದಂಡ ಹಾಕಲಿ, ಅದು ನ್ಯಾಯ. ನಿಂತ ಗಾಡಿಗೆ ದಿನದ ಲೆಕ್ಕದಲ್ಲಿ ‘ಶುಲ್ಕ’ ಯಾವ ಸೇವೆಗೆ?

ಎದುರು ದಿಕ್ಕಿನ ಉದಾಹರಣೆಯೂ ಒಂದಿದೆ. 2018ರ ಅಕ್ಟೋಬರಿನಿಂದ ಬ್ಯಾಟರಿ ವಾಹನಗಳಿಗೆ ಪರ್ಮಿಟ್ಟೇ ಬೇಡ ಎಂದಾಗಿದೆ. ಇದೂ ಒಳ್ಳೆಯ ನೀತಿ. ಆದರೆ ಎರಡನ್ನೂ ಸೇರಿಸಿ ನೋಡಿದರೆ ಶುಲ್ಕ ಎನ್ನುವುದು ಸೇವೆಯ ಬೆಲೆಯಾಗಿ ಉಳಿಯದೆ ಯಾವ ಗಾಡಿ ಓಡಬೇಕು, ಯಾವುದು ಓಡಬಾರದು ಎಂದು ನಿರ್ಧರಿಸುವ ಕೀಲಿಕೈಯಾಗಿದೆ.

ಒಂದೇ ಕೆರೆಗೆ ಬೀಳುವ ಎರಡು ತೂಬು

ಇನ್ನು ಹಣ ಎಲ್ಲಿಗೆ ಹೋಗುತ್ತದೆ ಎಂಬುದು. ಸರ್ಕಾರದ ಲೆಕ್ಕಪತ್ರದಲ್ಲಿ 0041 ಎಂಬ ಲೆಕ್ಕಶೀರ್ಷಿಕೆ ಇದೆ. ಹೆಸರು ‘ವಾಹನಗಳ ಮೇಲಿನ ತೆರಿಗೆ’. ಅದರ ಕೆಳಗೆ 101ರಲ್ಲಿ ಮೋಟಾರು ವಾಹನ ಕಾಯ್ದೆಯಡಿ ಬಂದ ಹಣ, ಅಂದರೆ ನಮ್ಮ ಶುಲ್ಕಗಳು. 102ರಲ್ಲಿ ರಾಜ್ಯದ ತೆರಿಗೆ ಕಾಯ್ದೆಯಡಿ ಬಂದ ಹಣ. ಚಾಲಕರು ಕೇಳಿದ ‘ಟ್ಯಾಕ್ಸ್ ಯಾವುದು, ಫೀಸು ಯಾವುದು’ ಎಂಬ ಪ್ರಶ್ನೆಗೆ ಖಜಾನೆಯಲ್ಲಿ ಸ್ಪಷ್ಟ ಉತ್ತರವಿದೆ. ಎರಡೂ ಬೇರೆ ಬೇರೆ ಸಂಖ್ಯೆಯಡಿ ದಾಖಲಾಗುತ್ತವೆ. ಆದರೆ ಎರಡಕ್ಕೂ ತಲೆಬರಹ ‘ತೆರಿಗೆ’ ಎಂದೇ. ಎರಡೂ ಹೋಗಿ ಸೇರುವುದು ರಾಜ್ಯದ ಸಂಚಿತ ನಿಧಿ ಎಂಬ ಒಂದೇ ಕೆರೆಗೆ. ಇಲಾಖೆಯ ಸಂಬಳ, ಕಟ್ಟಡ, ಕಂಪ್ಯೂಟರಿನ ಖರ್ಚು 2041 ಎಂಬ ಇನ್ನೊಂದು ಶೀರ್ಷಿಕೆಯಲ್ಲಿ ಹೊರಗೆ ಬರುತ್ತದೆ. ರಸ್ತೆಯ ಖರ್ಚು 3054ರಲ್ಲಿ. ಒಳಗೆ ಬಂದದ್ದಕ್ಕೂ ಹೊರಗೆ ಹೋದದ್ದಕ್ಕೂ ನಡುವೆ ಸೇತುವೆಯಿಲ್ಲ.

ಇದರಲ್ಲಿ ಕದ್ದುಮುಚ್ಚಿ ಮಾಡಿದ್ದೇನೂ ಇಲ್ಲ. ಸಂವಿಧಾನದ 266ನೇ ವಿಧಿಯೇ ಸರ್ಕಾರಕ್ಕೆ ಬರುವ ಹಣ ಸಂಚಿತ ನಿಧಿಗೆ ಸೇರಬೇಕೆನ್ನುತ್ತದೆ. ಸಮಸ್ಯೆ ಇರುವುದು ಮನೋಭಾವದಲ್ಲಿ. ಸಾರಿಗೆ ಇಲಾಖೆಗೆ ಬಜೆಟ್ಟಿನಲ್ಲಿ ಪ್ರತಿವರ್ಷ ವಸೂಲಿಯ ಗುರಿ ಕೊಡುತ್ತಾರೆ. 2024-25ಕ್ಕೆ 13,000 ಕೋಟಿ, 2025-26ಕ್ಕೆ 15,000 ಕೋಟಿ ರೂಪಾಯಿ. ಇದರಲ್ಲಿ ದೊಡ್ಡ ಪಾಲು ತೆರಿಗೆ. ಆದರೂ ಒಂದು ಇಲಾಖೆಯನ್ನು ವಸೂಲಿಯ ಗುರಿಯಿಂದಲೇ ಅಳೆಯತೊಡಗಿದರೆ, ಎಷ್ಟು ಹೊತ್ತಿನಲ್ಲಿ ಎಫ್‌ಸಿ ಮಾಡಿಕೊಟ್ಟೆವು, ಎಷ್ಟು ಅಯೋಗ್ಯ ಗಾಡಿ ತಡೆದೆವು ಎಂಬ ಅಳತೆ ಹಿಂದೆ ಸರಿಯುತ್ತದೆ.

ಚಾಲಕ ಕೊಡುವ ನಿಜವಾದ ಬೆಲೆ ರಸೀದಿಯಲ್ಲಿರುವುದಕ್ಕಿಂತ ಹೆಚ್ಚು ಎಂಬುದನ್ನೂ ಇಲ್ಲಿಯೇ ಹೇಳಬೇಕು. ಎಫ್‌ಸಿಗೆ ಗಾಡಿ ತಂದು ನಿಲ್ಲಿಸಿದ ದಿನದ ಬಾಡಿಗೆ ಹೋಯಿತು. ಪೇಂಟು, ರಿಫ್ಲೆಕ್ಟರ್ ಸ್ಟಿಕ್ಕರು, ಸ್ಪೀಡ್ ಗವರ್ನರ್ ಖರ್ಚು ಬೇರೆ. ಪ್ಯಾನಿಕ್ ಬಟನ್ ಇರುವ ಜಿಪಿಎಸ್ ಸಾಧನ ಕಡ್ಡಾಯವಾದಾಗ ಸರ್ಕಾರ ಗೊತ್ತುಮಾಡಿದ ಬೆಲೆ 7,599 ರೂಪಾಯಿ, ಮೇಲೆ ಜಿಎಸ್‌ಟಿ. ಏಜೆಂಟರಿಗೆ ಕೊಡುವುದು ಯಾವ ರಸೀದಿಯಲ್ಲೂ ಇಲ್ಲ. ವರ್ಷಗಳ ಹಿಂದೆ ನಾನೇ ಒಂದು ಕಚೇರಿಯಲ್ಲಿ 200 ರೂಪಾಯಿಯ ಲೈಸೆನ್ಸ್ ನವೀಕರಣಕ್ಕೆ ಮೂರು ದಿನ ಅಲೆದು, ನಾಲ್ಕನೆಯ ದಿನ ಏಜೆಂಟರ ಕೈಗೆ ಫೈಲು ಕೊಟ್ಟಿದ್ದೆ. ಆ ದಿನಗಳ ಸುಸ್ತು ಇನ್ನೂ ನೆನಪಿದೆ. ಕಟ್ಟಿದ ಶುಲ್ಕ ಆ ಕೌಂಟರಿಗೇ ವಾಪಸ್ ಬಂದು ಇನ್ನೊಬ್ಬ ಗುಮಾಸ್ತರನ್ನು ಕೂರಿಸಿದ್ದರೆ ನನಗೆ ಏಜೆಂಟರು ಬೇಕಾಗುತ್ತಿರಲಿಲ್ಲ.

ಬೇರೆ ಕಡೆ ಹೇಗಿದೆ

ಇಂಗ್ಲೆಂಡಿನ ಪದ್ಧತಿ ನೋಡಿದರೆ ನಮ್ಮ ಕೊರತೆ ಸ್ಪಷ್ಟವಾಗುತ್ತದೆ. ಲಂಡನ್ನಿನ ಹೊರಗೆ ಅಲ್ಲಿ ಟ್ಯಾಕ್ಸಿ ಲೈಸೆನ್ಸು ಕೊಡುವುದು ಸ್ಥಳೀಯ ಆಡಳಿತ. 1976ರ ಕಾಯ್ದೆಯ ಪ್ರಕಾರ ಚಾಲಕನ ಲೈಸೆನ್ಸಿಗೆ 53ನೇ ಸೆಕ್ಷನ್, ವಾಹನದ ಲೈಸೆನ್ಸಿಗೆ 70ನೇ ಸೆಕ್ಷನ್. ಯಾವ ಯಾವ ಖರ್ಚನ್ನು ಶುಲ್ಕದಲ್ಲಿ ಸೇರಿಸಬಹುದು ಎಂದು ಕಾನೂನೇ ಹೇಳುತ್ತದೆ. ವಾಹನದ ಶುಲ್ಕ ಏರಿಸಬೇಕಾದರೆ ಸ್ಥಳೀಯ ಪತ್ರಿಕೆಯಲ್ಲಿ ಪ್ರಕಟಿಸಿ 28 ದಿನ ಆಕ್ಷೇಪಣೆಗೆ ಅವಕಾಶ ಕೊಡಬೇಕು. ವೇಕ್‌ಫೀಲ್ಡ್ ನಗರದ ಕೌನ್ಸಿಲ್ ಚಾಲಕರ ನಡತೆಯ ಮೇಲೆ ನಿಗಾ ಇಡುವ ಖರ್ಚನ್ನು ವಾಹನದ ಶುಲ್ಕದಲ್ಲಿ ಸೇರಿಸಿತ್ತು. ಅಲ್ಲಿನ ಟ್ಯಾಕ್ಸಿಯವರು ಪ್ರಶ್ನಿಸಿದರು. 2019ರಲ್ಲಿ ಮೇಲ್ಮನವಿ ನ್ಯಾಯಾಲಯ, ಆ ಖರ್ಚು ವಾಹನದ ಶುಲ್ಕದಲ್ಲಿ ಬರುವಂತಿಲ್ಲ, ಚಾಲಕನ ಲೈಸೆನ್ಸಿನ ಶುಲ್ಕದಲ್ಲಿ ಬರಬಹುದು ಎಂದಿತು. ನನಗೆ ಇಲ್ಲಿ ಮುಖ್ಯವಾಗಿ ಕಂಡದ್ದು ಯಾರು ಗೆದ್ದರು ಎಂಬುದಲ್ಲ. ಎಷ್ಟು ಖರ್ಚು ಯಾವ ಪೆಟ್ಟಿಗೆಯಲ್ಲಿದೆ ಎಂದು ಬೆರಳಿಟ್ಟು ತೋರಿಸಿ ವಾದ ಮಾಡುವಷ್ಟು ಲೆಕ್ಕ ಆ ಚಾಲಕರ ಕೈಗೆ ಸಿಕ್ಕಿತ್ತು.

ಅಲ್ಲಿನದನ್ನು ಹಾಗೆಯೇ ಇಲ್ಲಿಗೆ ತರಲಾಗದು. ಪ್ರತಿ ಜಿಲ್ಲೆಯೂ ತನ್ನ ಖರ್ಚನ್ನು ತನ್ನ ಶುಲ್ಕದಲ್ಲೇ ಹೊಂದಿಸಿಕೊಳ್ಳಬೇಕೆಂದರೆ, ಗಾಡಿ ಕಡಿಮೆ ಇರುವ ಮಲೆನಾಡಿನ ಜಿಲ್ಲೆಯಲ್ಲಿ ತಲಾ ಶುಲ್ಕ ಬೆಂಗಳೂರಿಗಿಂತ ಹೆಚ್ಚಾಗುತ್ತದೆ. ತರೀಕೆರೆಯ ಕೆಎ-66 ಕಚೇರಿಯಂಥವು ನಡೆಯುವುದೇ ಕಷ್ಟವಾದೀತು. ದೇಶಕ್ಕೆಲ್ಲ ಒಂದೇ ದರ ಇರುವುದರಿಂದ ನಮ್ಮಂಥ ಕಡೆಗೆ ಅನುಕೂಲವೇ. ನನ್ನ ಬೇಡಿಕೆ ದರದ ಬಗ್ಗೆ ಅಲ್ಲ, ಲೆಕ್ಕದ ಬಗ್ಗೆ.

ಲೆಕ್ಕವಿಲ್ಲದಿದ್ದರೆ ಹೋಲಿಕೆಯೂ ಅಸಾಧ್ಯ. ಆ್ಯಪ್ ಕಂಪನಿಗಳಿಗೆ ಕೇಂದ್ರದ ಮಾರ್ಗಸೂಚಿ ಸೂಚಿಸಿದ ಲೈಸೆನ್ಸ್ ಶುಲ್ಕ 5 ಲಕ್ಷ ರೂಪಾಯಿ, ಅವಧಿ ಐದು ವರ್ಷ. ಕಂಪನಿಯೊಂದರಲ್ಲಿ ಹತ್ತು ಸಾವಿರ ಗಾಡಿಗಳಿದ್ದರೆ ಒಂದು ಗಾಡಿಗೆ ವರ್ಷಕ್ಕೆ ಬೀಳುವುದು 10 ರೂಪಾಯಿ. ಒಂದೇ ಗಾಡಿ ಇಟ್ಟುಕೊಂಡು ಸ್ಟ್ಯಾಂಡಿನಲ್ಲಿ ನಿಲ್ಲುವವರ ವರ್ಷದ ರಸೀದಿಗಳನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಕಂಪನಿಯ ಮೇಲೆ ನಿಗಾ ಇಡಲು ಸರ್ಕಾರಕ್ಕೆ ನಿಜವಾಗಿ ಎಷ್ಟು ಖರ್ಚಾಗುತ್ತದೆ?

ವಾಪಸ್ ಬರಬೇಕಾದದ್ದು

ಸ್ಟ್ಯಾಂಡಿನಲ್ಲಿ ಯಾರನ್ನು ಕೇಳಿದರೂ ಮೊದಲು ಬರುವ ದೂರು ಶುಲ್ಕದ್ದಲ್ಲ, ವೈಟ್ ಬೋರ್ಡಿನದು. ಖಾಸಗಿ ನಂಬರಿನ ಕಾರಿನಲ್ಲಿ ಪ್ರವಾಸಿಗರನ್ನು ಕೂರಿಸಿ ಬಾಡಿಗೆ ಓಡಿಸುವವರು ಪರ್ಮಿಟ್ ಪಡೆದಿಲ್ಲ, ವರ್ಷ ವರ್ಷ ಎಫ್‌ಸಿ ಮಾಡಿಸುವುದಿಲ್ಲ, ಪ್ಯಾನಿಕ್ ಬಟನ್ ಹಾಕಿಸಿಲ್ಲ. ಅಪಘಾತವಾದರೆ ವಿಮೆಯ ಹಣ ಸಿಗುವುದೂ ಅನುಮಾನ. ಪರ್ಮಿಟ್ ಇಲ್ಲದೆ ಬಾಡಿಗೆ ಓಡಿಸಿದರೆ ಕಾಯ್ದೆಯ 192ಎ ಸೆಕ್ಷನ್ ಪ್ರಕಾರ 10,000 ರೂಪಾಯಿ ದಂಡವಿದೆ, ಸೆರೆವಾಸವೂ ಇದೆ. ಹಳದಿ ಬೋರ್ಡಿನವರು ಕಟ್ಟುವ ಶುಲ್ಕಕ್ಕೆ ಪ್ರತಿಯಾಗಿ ಸರ್ಕಾರ ಅವರಿಗೆ ಕೊಡಬೇಕಾದ ಅತಿ ದೊಡ್ಡ ಸೇವೆ ಈ ಕಾನೂನಿನ ಜಾರಿಯೇ. ಪರ್ಮಿಟ್ ಎಂಬ ಕಾಗದಕ್ಕೆ ಬೆಲೆ ಬರುವುದು ಪರ್ಮಿಟ್ ಇಲ್ಲದವನು ಓಡಿಸಲಾರ ಎಂದಾದಾಗ.

ಬಾಡಿಗೆಯ ಕಡೆ ನೋಡಿದರೂ ಇದೇ ಕೊರತೆ. 2024ರ ಫೆಬ್ರವರಿಯಲ್ಲಿ ರಾಜ್ಯಕ್ಕೆಲ್ಲ ಏಕರೂಪದ ಟ್ಯಾಕ್ಸಿ ದರ ಬಂತು. ಹತ್ತು ಲಕ್ಷದೊಳಗಿನ ಗಾಡಿಗೆ ಮೊದಲ 4 ಕಿ.ಮೀ.ಗೆ 100 ರೂಪಾಯಿ, ಆಮೇಲೆ ಕಿ.ಮೀ.ಗೆ 24. ಅದು ನೆಲ ಸಮವಾಗಿರುವ ಊರಿಗೂ ಅಷ್ಟೇ, ಫಸ್ಟ್ ಗೇರಿನಲ್ಲಿ ಬಾಬಾಬುಡನ್‌ಗಿರಿ ಹತ್ತುವ ಗಾಡಿಗೂ ಅಷ್ಟೇ. ಕ್ಲಚ್ ಪ್ಲೇಟು, ಬ್ರೇಕ್ ಲೈನರು ಇಲ್ಲಿ ಎಷ್ಟು ಬೇಗ ಸವೆಯುತ್ತವೆ ಎಂಬುದು ಆ ದರದೊಳಗೆ ಕಾಣುವುದಿಲ್ಲ.

ಗೊತ್ತಾದ ಉದ್ದೇಶಕ್ಕೆ ಹಣ ಎತ್ತಿಡುವುದು ಸಾಧ್ಯವೇ ಇಲ್ಲ ಎನ್ನುವವರಿಗೆ ಉತ್ತರ ನಮ್ಮ ರಾಜ್ಯದಲ್ಲೇ ಇದೆ. ಮೋಟಾರು ಸಾರಿಗೆ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಮಂಡಳಿಗಾಗಿ 2024ರಲ್ಲಿ ಹೊಸ ಬಾಡಿಗೆ ವಾಹನಗಳ ಮೇಲೆ ಸೆಸ್ ತಂದರು. ಆಮೇಲೆ ಅದನ್ನು ಖಾಸಗಿ ವಾಹನಗಳಿಗೂ ವಿಸ್ತರಿಸಿ ಹೊಸ ಬೈಕಿಗೆ 500, ಕಾರಿಗೆ 1,000 ರೂಪಾಯಿ ಎಂದರು. ಉದ್ದೇಶ ಚಾಲಕ, ಕ್ಲೀನರ್, ಮೆಕ್ಯಾನಿಕ್ಕರ ಕುಟುಂಬಗಳ ನೆರವು. ಯಾರಿಂದ ಬಂತು, ಯಾರಿಗೆ ಹೋಗಬೇಕು ಎಂದು ಕಾನೂನಿನಲ್ಲೇ ಬರೆದಿದೆ. ಇದೇ ಶಿಸ್ತನ್ನು ಎಫ್‌ಸಿ ಮತ್ತು ಪರ್ಮಿಟ್ ಶುಲ್ಕಕ್ಕೂ ತಂದರೆ ತಪ್ಪೇನಿದೆ?

ನಮ್ಮ ಗಿರಿಗೂ ಇದು ಅನ್ವಯಿಸುತ್ತದೆ. 2025ರ ಸೆಪ್ಟೆಂಬರ್‌ನಿಂದ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಭಾಗಕ್ಕೆ ಆನ್‌ಲೈನ್ ಬುಕಿಂಗ್ ಬಂದು, ದಿನಕ್ಕೆ ಎರಡು ಸರದಿಯಲ್ಲಿ ತಲಾ 600ರಂತೆ 1,200 ವಾಹನಗಳ ಮಿತಿ ಬಂತು. ವಾರಾಂತ್ಯದ ಆ ಕಿರಿದಾದ ರಸ್ತೆಯನ್ನು ಕಂಡವರು ಯಾರೂ ಇದನ್ನು ವಿರೋಧಿಸಲಾರರು. ಅಲ್ಲಿ ಕಟ್ಟುವ ಶುಲ್ಕ ಜಿಲ್ಲೆಯಲ್ಲೇ ತೀರ್ಮಾನವಾಗುವ, ಜಿಲ್ಲೆಯಲ್ಲೇ ಖರ್ಚಾಗಬಲ್ಲ ಹಣ. ಕೈಮರದಲ್ಲಿ ಒಂದು ಫಲಕ ಹಾಕಿ, ಕಳೆದ ತಿಂಗಳು ಇಷ್ಟು ಬಂತು, ಶೌಚಾಲಯಕ್ಕೆ ಇಷ್ಟು, ಕಸ ಹೊರುವವರ ಕೂಲಿಗೆ ಇಷ್ಟು, ತಡೆಗೋಡೆಗೆ ಇಷ್ಟು ಎಂದು ಬರೆಯಲು ದೆಹಲಿಯ ಅನುಮತಿ ಬೇಕಿಲ್ಲ.

ಮಿಕ್ಕದ್ದನ್ನು ಕೇಳಲು ಕಾನೂನಿನಲ್ಲಿ ದಾರಿಗಳಿವೆ, ನಾವು ಬಳಸಿಲ್ಲ. ಮೋಟಾರು ವಾಹನ ಕಾಯ್ದೆಯ 212ನೇ ಸೆಕ್ಷನ್ ಪ್ರಕಾರ ಯಾವ ನಿಯಮವನ್ನೇ ಮಾಡುವುದಾದರೂ ಮೊದಲು ಕರಡು ಪ್ರಕಟಿಸಿ ಆಕ್ಷೇಪಣೆ ಕರೆಯಬೇಕು. ಶುಲ್ಕದ ಪಟ್ಟಿಗೂ ಇದು ಅನ್ವಯಿಸುತ್ತದೆ. ಮಾಹಿತಿ ಹಕ್ಕು ಕಾಯ್ದೆಯ 4(1)(ಸಿ) ಇನ್ನೂ ಮುಂದೆ ಹೋಗಿ, ಜನರನ್ನು ತಟ್ಟುವ ಮುಖ್ಯ ನಿರ್ಧಾರ ಪ್ರಕಟಿಸುವಾಗ ಅದಕ್ಕೆ ಸಂಬಂಧಿಸಿದ ಎಲ್ಲ ಸಂಗತಿಗಳನ್ನೂ ಸರ್ಕಾರ ತಾನಾಗಿಯೇ ಪ್ರಕಟಿಸಬೇಕೆನ್ನುತ್ತದೆ. ಹಾಗಾದರೆ ಕರಡು ಪಟ್ಟಿಯ ಜೊತೆಗೇ ಖರ್ಚಿನ ತಖ್ತೆ ಬರಬೇಕು. ಮುಂದಿನ ಕರಡು ಬಂದಾಗ ನಮ್ಮ ಚಾಲಕರ ಸಂಘಗಳು ‘ದರ ಇಳಿಸಿ’ ಎಂದು ಮನವಿ ಕೊಡುವುದರ ಜೊತೆಗೆ ‘ತಖ್ತೆ ತೋರಿಸಿ’ ಎಂದೂ ಬರೆದುಕೊಡಬೇಕು.

ಆ ಬೆಳಿಗ್ಗೆ ಬಾನೆಟ್ಟಿನ ಮೇಲೆಯೇ ಒಂದು ಮಾಹಿತಿ ಹಕ್ಕು ಅರ್ಜಿ ಬರೆದೆವು. ಕರ್ನಾಟಕದ ನಿಯಮದ ಪ್ರಕಾರ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದ ಮೀರಬಾರದು. ಕಳೆದ ಆರ್ಥಿಕ ವರ್ಷದಲ್ಲಿ ಈ ಕಚೇರಿಯಲ್ಲಿ 0041-101ರಡಿ ಬಾಡಿಗೆ ಕಾರುಗಳ ಎಫ್‌ಸಿ ಮತ್ತು ಪರ್ಮಿಟ್ಟಿನಿಂದ ಬಂದ ಶುಲ್ಕ ಪ್ರತ್ಯೇಕವಾಗಿ ಎಷ್ಟು? 2041ರಡಿ ಇದೇ ಕಚೇರಿಗೆ ಆದ ಖರ್ಚು ಎಷ್ಟು? ಎಫ್‌ಸಿಗೆ ಬಂದ ವಾಹನಗಳಲ್ಲಿ ಅಯೋಗ್ಯವೆಂದು ವಾಪಸ್ ಕಳಿಸಿದ್ದು ಎಷ್ಟು? ಬರೆದು ಓದಿ ಹೇಳಿದೆ. ಅವರು ಕಾಗದಗಳನ್ನು ಪೌಚಿಗೆ ತುಂಬುತ್ತ, ‘ಬಾಡಿಗೆ ಓಡಿಸಿದ ವೈಟ್ ಬೋರ್ಡು ಎಷ್ಟು ಹಿಡಿದ್ರು ಅಂತಾನೂ ಹಾಕಿ ಅಣ್ಣಾ’ ಎಂದರು. ಹಾಕಿದೆ. ಪದ ಎಣಿಸಿದರೆ ಮಿತಿಯೊಳಗೇ ಇತ್ತು. ಅಷ್ಟರಲ್ಲಿ ಹೋಮ್‌ಸ್ಟೇಯಿಂದ ಫೋನು ಬಂತು, ಗಿರಿಯ ಸ್ಲಾಟಿಗೆ ಹೊತ್ತಾಗಿತ್ತು. ಮಧ್ಯಾಹ್ನ ಇಳಿದು ಬಂದ ಮೇಲೆ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ತಾನೇ ತರುತ್ತೇನೆಂದು ಹೇಳಿ ಗಾಡಿ ಸ್ಟಾರ್ಟ್ ಮಾಡಿದರು.